ಒಂದೇ ಒಂದು ರೇಡಿಯೇಟರ್ ತಣ್ಣಗಿದೆ, ಮೂರು ಸಲ ಗಾಳಿ ಬಿಟ್ಟರೂ ಬಿಸಿಯಾಗುತ್ತಿಲ್ಲ

ತಣ್ಣನೆ ಕೋಣೆ:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಸಹಾಯ ಬೇಕಿತ್ತು. ಮನೆಯಲ್ಲಿ ಕೋಣೆ ಬಿಸಿ ಮಾಡಲು, ಬಾಯ್ಲರಿನ ಬಿಸಿನೀರು ಹರಿಯುವ ಒಟ್ಟು ಎಂಟು ರೇಡಿಯೇಟರ್ ಇವೆ. ಏಳು ಚೆನ್ನಾಗಿ ಬಿಸಿಯಾಗುತ್ತವೆ, ಮಹಡಿ ಮೇಲಿನ ಚಿಕ್ಕ ಕೋಣೆಯದು ಮಾತ್ರ ಕಲ್ಲಿನ ಹಾಗೆ ತಣ್ಣಗಿದೆ. ಹೋದ ಚಳಿಗಾಲದಲ್ಲಿ ಇದನ್ನೇ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ಬೇಸಿಗೆಯಲ್ಲಿ ಆ ಕೋಣೆಗೆ ಯಾರೂ ಹೋಗುತ್ತಿರಲಿಲ್ಲ, ನಾಬನ್ನು ಸೊನ್ನೆಗೆ ತಿರುಗಿಸಿ ಬಾಗಿಲು ಹಾಕಿದ್ದೆವು, ಅಷ್ಟೇ.

ವಿಡಿಯೋ ನೋಡಿ ಬ್ಲೀಡ್ ಮಾಡಿದೆ, ಅಂದರೆ ಕೀಲಿಯಿಂದ ತಿರುಪು ಸಡಿಲಿಸಿ ಒಳಗಿನ ಗಾಳಿ ಬಿಟ್ಟೆ. ಒಂದಲ್ಲ, ಮೂರು ಸಲ. ಮೊದಲನೇ ಸಲ ಎರಡು ಸೆಕೆಂಡು ಉಸ್ ಅಂತು, ಆಮೇಲೆ ಬರೀ ನೀರು. ಎರಡನೇ ಸಲ ಮೂರನೇ ಸಲ ಗಾಳಿಯೇ ಇಲ್ಲ, ಆದರೂ ಒಳಗೆಲ್ಲೋ ಸಿಕ್ಕಿಕೊಂಡಿರಬಹುದು ಅಂತ ಒಂದು ಮಗ್ ತುಂಬುವವರೆಗೂ ನೀರು ಬಿಟ್ಟೆ. ಈಗ ಬಾಯ್ಲರಿನ ಪ್ರೆಶರ್ ಮುಳ್ಳು 1.4 ಬಾರ್ ಇದ್ದದ್ದು 0.7ಕ್ಕೆ ಇಳಿದಿದೆ.

ಇನ್ನೊಂದು ಘನಕಾರ್ಯವನ್ನೂ ಮಾಡಿದ್ದೇನೆ. ರೇಡಿಯೇಟರಿನ ಆ ಕಡೆ ತುದಿಯಲ್ಲಿ ಪ್ಲಾಸ್ಟಿಕ್ ಟೋಪಿ ಹಾಕಿದ ವಾಲ್ವ್ ಇರುತ್ತಲ್ಲ, ಅದರ ಟೋಪಿ ತೆಗೆದು ಸ್ಪ್ಯಾನರಿನಲ್ಲಿ ಪೂರ್ತಿ ತೆರೆದುಬಿಟ್ಟೆ. ಮೊದಲು ಎಷ್ಟು ತೆರೆದಿತ್ತು ಅಂತ ಎಣಿಸಲಿಲ್ಲ.

ಒಬ್ಬ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, ಬಂದು ನೋಡದೆಯೇ ಇಡೀ ಮನೆಗೆ ಪವರ್ ಫ್ಲಶ್ ಮಾಡಿಸಬೇಕು, ಅಂದರೆ ಪೈಪು ರೇಡಿಯೇಟರುಗಳ ಒಳಗನ್ನೆಲ್ಲ ಜೋರಾಗಿ ನೀರು ಹಾಯಿಸಿ ತೊಳೆಸಬೇಕು ಅಂದುಬಿಟ್ಟರು. ನಿಜವಾಗಲೂ ಬೇಕಾ?

ಹಳೇ ಸ್ಪ್ಯಾನರ್:

ಮೊದಲು ಆ ಬ್ಲೀಡ್ ಕೀಲಿಯನ್ನು ಡ್ರಾಯರಿನಲ್ಲಿ ಇಟ್ಟು ಬನ್ನಿ. ಆಮೇಲೆ ಮಾತಾಡೋಣ.

ಗಾಳಿ ಬಿಡುವುದು ಗಾಳಿಗೆ ಮಾತ್ರ ಮದ್ದು. ಗಾಳಿ ನೀರಿಗಿಂತ ಹಗುರ, ಅದು ಇದ್ದರೆ ರೇಡಿಯೇಟರಿನ ತಲೆಭಾಗದಲ್ಲೇ ಕೂತಿರುತ್ತದೆ, ಆಗ ಮೇಲೆ ತಣ್ಣಗೆ ಕೆಳಗೆ ಬಿಸಿ. ನೀವು ತಿರುಪು ಸಡಿಲಿಸಿದ ಕೂಡಲೇ ನೀರು ಬಂತು ಅಂದರೆ ತುದಿಯವರೆಗೂ ನೀರು ತುಂಬಿದೆ ಅಂತ ಅರ್ಥ. ಅಲ್ಲಿಂದ ಮುಂದೆ ಎಷ್ಟು ಬಿಟ್ಟರೂ ಹೋಗುವುದು ನೀರು, ಅದರ ಜೊತೆ ಪ್ರೆಶರ್. ನಿಮ್ಮ ಮುಳ್ಳು ಇಳಿದದ್ದಕ್ಕೆ ಆ ಒಂದು ಮಗ್ ನೀರೇ ಕಾರಣ ಇರಬೇಕು, ಸೋರಿಕೆ ಅಂತ ಈಗಲೇ ಹೆದರಬೇಡಿ.

ಹೀಟಿಂಗ್ ಆಫ್ ಮಾಡಿ, ಎಲ್ಲ ತಣ್ಣಗಾದ ಮೇಲೆ ಫಿಲ್ಲಿಂಗ್ ಲೂಪಿನಿಂದ (ಹೊಸ ನೀರು ತುಂಬಿಸುವ ಪೈಪ್) 1.2, 1.3ರ ಹತ್ತಿರ ತುಂಬಿಸಿ. ಸಾಮಾನ್ಯ ಮನೆಗೆ ತಣ್ಣಗಿದ್ದಾಗ 1ರಿಂದ 1.5 ಇದ್ದರೆ ಸಾಕು. ಬಿಸಿಯಾದಾಗ ನೀರು ಹಿಗ್ಗಿ ಮುಳ್ಳು ಸ್ವಲ್ಪ ಏರುತ್ತದೆ, ಅದು ಸರಿಯೇ. ಜಾಸ್ತಿ ಇದ್ದರೆ ಒಳ್ಳೆಯದು ಅಂತ 2.5ಕ್ಕೆ ತುಂಬಿಸಬೇಡಿ, ಸಾಮಾನ್ಯವಾಗಿ 3 ಬಾರ್ ಹತ್ತಿರ ಸೇಫ್ಟಿ ವಾಲ್ವ್ ತೆರೆದು ನೀರು ಹೊರಗೆ ಚೆಲ್ಲುತ್ತದೆ. ತುಂಬಿಸಿ ಆದ ಮೇಲೆ ಲೂಪಿನ ವಾಲ್ವ್ ಗಟ್ಟಿಯಾಗಿ ಮುಚ್ಚಿದ್ದೀರಾ ಅಂತ ಎರಡು ಸಲ ನೋಡಿ. ಇದನ್ನು ಮರೆಯುವವರು ಬಹಳ.

ಆಮೇಲೆ ಹೀಟಿಂಗ್ ಹಾಕಿ ಅರ್ಧ ಗಂಟೆ ಬಿಟ್ಟು ಕೈಯಲ್ಲಿ ಮುಟ್ಟಿ ನೋಡಿ ಹೇಳಿ. ರೇಡಿಯೇಟರ್ ಪೂರ್ತಿ ತಣ್ಣಗಿದೆಯಾ, ಮೇಲೆ ಮಾತ್ರವಾ, ಕೆಳಗೆ ನಡುವಿನಲ್ಲಿ ಮಾತ್ರವಾ? ಕೆಳಗೆ ಎರಡು ಕಡೆ ಪೈಪ್ ಬರುತ್ತದಲ್ಲ, ಅದರಲ್ಲಿ ಯಾವುದು ಬಿಸಿ? ನಾಬ್ ಇರುವ ವಾಲ್ವಿನ ಕೆಳಗೆ ಪೈಪ್ ಹೇಗಿದೆ, ವಾಲ್ವ್ ದಾಟಿದ ಮೇಲೆ ಹೇಗಿದೆ? ಮುಟ್ಟುವಾಗ ಹುಷಾರು, ಪೈಪ್ ಕೈ ಸುಡುವಷ್ಟು ಬಿಸಿ ಇರಬಹುದು.

ಕಪ್ಪು ನೀರು:

ಫ್ಲಶ್ ಮಾಡಿಸಿಬಿಡಿ ಅಂತ ನಾನೂ ಹೇಳುತ್ತೇನೆ. ನಮ್ಮ ಮನೆಯಲ್ಲೂ ಹೀಗೇ ಒಂದರಿಂದ ಶುರುವಾಯಿತು. ಕೊನೆಗೆ ಬಿಚ್ಚಿ ನೋಡಿದರೆ ಒಳಗೆ ಇಂಕಿನ ಥರ ಕಪ್ಪು ಕೆಸರು.

ಹಳೇ ಸ್ಪ್ಯಾನರ್:

ಕಪ್ಪು ನೀರು ಅವರೇ, ನಿಮ್ಮ ರೇಡಿಯೇಟರ್ ಒಂದು ರಾತ್ರಿಯಲ್ಲಿ ತಣ್ಣಗಾಯಿತಾ, ಇಲ್ಲಾ ನಿಧಾನವಾಗಿ ವರ್ಷದಿಂದ ವರ್ಷಕ್ಕೆ ಕೆಳಗಿನ ಭಾಗ ತಣ್ಣಗಾಗುತ್ತಾ ಬಂತಾ? ಕೆಸರು ಬಂದು ಕೂರುವ ರೀತಿಯೇ ಬೇರೆ. ಆ ಕಪ್ಪು ಪುಡಿ ಅಂದರೆ ರೇಡಿಯೇಟರಿನ ಕಬ್ಬಿಣವೇ ತುಕ್ಕಾಗಿ ಬಂದದ್ದು, ಮ್ಯಾಗ್ನೆಟೈಟ್ ಅನ್ನುತ್ತಾರೆ, ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ತೂಕ ಇರುವುದರಿಂದ ತಳಕ್ಕೆ ಇಳಿಯುತ್ತದೆ. ಮೇಲೆ ಬಿಸಿ, ಎರಡು ಪಕ್ಕ ಬಿಸಿ, ಕೆಳಗೆ ನಡುವಿನಲ್ಲಿ ತಣ್ಣಗೆ ಅಂದರೆ ಕೆಸರು. ಹೋದ ಚಳಿಗಾಲದಲ್ಲಿ ಕೈ ಸುಡುತ್ತಿದ್ದದ್ದು ಈ ಸಲ ಪೂರ್ತಿ ತಣ್ಣಗೆ ಅಂದರೆ ನನಗೆ ಬೇರೆಯೇ ಅನುಮಾನ. ಅವರು ಮುಟ್ಟಿ ಹೇಳಲಿ.

ಕಪ್ಪು ನೀರು:

ನಿಧಾನವಾಗಿ ಆದದ್ದು, ಹೌದು. ಒಪ್ಪಿದೆ. ಆದರೆ ಅವರು ಬ್ಲೀಡ್ ಮಾಡಿದಾಗ ಬಂದ ನೀರಿನ ಬಣ್ಣ ಏನು ಅಂತ ಕೇಳಿ.

ತಣ್ಣನೆ ಕೋಣೆ:

ನೀರು ಸ್ವಲ್ಪ ಬೂದು ಬಣ್ಣ ಇತ್ತು, ಕಪ್ಪಲ್ಲ. ಬಿಳಿ ಬಟ್ಟೆ ಹಿಡಿದಿದ್ದೆ, ತೆಳುವಾಗಿ ಕಲೆ ಆಗಿದೆ, ಅಷ್ಟೇ.

ಪ್ರೆಶರ್ 1.3ಕ್ಕೆ ತಂದೆ. ಮುಟ್ಟಿ ನೋಡಿದೆ. ರೇಡಿಯೇಟರ್ ಮೇಲಿಂದ ಕೆಳಗಿನವರೆಗೆ ಪೂರ್ತಿ ತಣ್ಣಗೆ. ನಾಬ್ 5ರಲ್ಲಿದೆ. ನಾಬಿನ ಕೆಳಗೆ ಬರುವ ಪೈಪ್ ಬಿಸಿ ಇದೆ, ಬೆರಳು ಇಡಲು ಆಗಲ್ಲ ಅಷ್ಟು ಬಿಸಿ, ಆದರೆ ವಾಲ್ವ್ ದಾಟಿ ರೇಡಿಯೇಟರಿಗೆ ಸೇರುವ ಜಾಗದಲ್ಲಿ ತಣ್ಣಗೆ. ಇನ್ನೊಂದು ಕಡೆಯ ಪೈಪ್ ಪೂರ್ತಿ ತಣ್ಣಗೆ. ಇದರಿಂದ ಏನು ಗೊತ್ತಾಗುತ್ತದೆ?

ಹಳೇ ಸ್ಪ್ಯಾನರ್:

ಎಲ್ಲಾ ಗೊತ್ತಾಗುತ್ತದೆ. ಬಿಸಿನೀರು ಬಾಗಿಲವರೆಗೆ ಬಂದು ನಿಂತಿದೆ, ಬಾಗಿಲು ತೆರೆದಿಲ್ಲ. ನಿಮ್ಮ ಥರ್ಮೋಸ್ಟಾಟ್ ವಾಲ್ವಿನ ಪಿನ್ ಕೆಳಗೆ ಕಚ್ಚಿಕೊಂಡಿದೆ. ಬೇಸಿಗೆಯಿಡೀ ಸೊನ್ನೆಯಲ್ಲಿ ಇಟ್ಟಿದ್ದೆವು ಅಂದಾಗಲೇ ನನಗೆ ಅದೇ ಅನ್ನಿಸಿತ್ತು.

ನೀರಿನ ನಲ್ಲಿ ತಿರುಗಿಸಿದ ಹಾಗೆ ಆ ನಾಬ್ ನೇರವಾಗಿ ನೀರನ್ನು ತೆರೆಯುವುದಿಲ್ಲ. ನಾಬಿನೊಳಗೆ ಮೇಣ ಅಥವಾ ದ್ರವ ತುಂಬಿದ ಒಂದು ಚಿಕ್ಕ ಡಬ್ಬಿ ಇರುತ್ತದೆ. ಕೋಣೆ ಬಿಸಿಯಾದರೆ ಅದು ಹಿಗ್ಗಿ ಕೆಳಗಿರುವ ಪಿನ್ನನ್ನು ಒತ್ತುತ್ತದೆ, ನೀರು ನಿಲ್ಲುತ್ತದೆ. ಕೋಣೆ ತಣ್ಣಗಾದರೆ ಅದು ಕುಗ್ಗುತ್ತದೆ, ಆಗ ವಾಲ್ವಿನೊಳಗಿನ ಸ್ಪ್ರಿಂಗ್ ಪಿನ್ನನ್ನು ಮೇಲಕ್ಕೆ ತಳ್ಳಬೇಕು. ಗಮನಿಸಿ, ನಾಬ್ ಪಿನ್ನನ್ನು ಎಳೆಯುವುದಿಲ್ಲ, ಬಿಟ್ಟುಕೊಡುತ್ತದೆ ಅಷ್ಟೇ. ತಿಂಗಳುಗಟ್ಟಲೆ ಒತ್ತಿ ಹಿಡಿದಿಟ್ಟರೆ ಪಿನ್ ಅಲ್ಲೇ ಹಿಡಿದುಕೊಳ್ಳುತ್ತದೆ, ಆಮೇಲೆ ನೀವು 5ಕ್ಕೆ ತಿರುಗಿಸಿದರೂ ಸ್ಪ್ರಿಂಗಿಗೆ ಎತ್ತುವ ಶಕ್ತಿ ಸಾಲುವುದಿಲ್ಲ.

ಸರಿ ಮಾಡುವುದು ಹತ್ತು ನಿಮಿಷದ ಕೆಲಸ, ನೀರು ಖಾಲಿ ಮಾಡುವುದೇನೂ ಬೇಡ. ನಾಬನ್ನು 5ರಲ್ಲೇ ಇಡಿ. ನಾಬಿನ ಬುಡದಲ್ಲಿ ಗೀರುಗೀರಾದ ಒಂದು ಬಳೆ ಇರುತ್ತದೆ, ಅದನ್ನು ಗಡಿಯಾರದ ಎದುರು ದಿಕ್ಕಿಗೆ ತಿರುಗಿಸಿದರೆ ನಾಬ್ ಪೂರ್ತಿ ಕೈಗೆ ಬರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಬಳೆ ಇರಲ್ಲ, ಒತ್ತುವ ಕ್ಲಿಪ್ಪೋ ಚಿಕ್ಕ ಸ್ಕ್ರೂವೋ ಇರುತ್ತದೆ. ಹೆದರಬೇಡಿ, ನಾಬ್ ತೆಗೆದರೆ ನೀರು ಬರುವುದಿಲ್ಲ. ಅಡಿಯಲ್ಲಿ ನಡುವೆ ಒಂದು ಸಣ್ಣ ಪಿನ್ ಕಾಣುತ್ತದೆ. ಸರಿಯಾಗಿದ್ದರೆ ಅದು ಕೆಲವು ಮಿಲಿಮೀಟರ್ ಎದ್ದಿರಬೇಕು, ಒತ್ತಿದರೆ ಕೆಳಗೆ ಹೋಗಿ ಬಿಟ್ಟರೆ ತಾನೇ ಮೇಲೆ ಬರಬೇಕು. ನಿಮ್ಮದು ಬಹುಶಃ ಮಟ್ಟಸವಾಗಿ ಕೂತಿರುತ್ತದೆ. ಸ್ಪ್ಯಾನರಿನ ಹಿಂಬದಿಯೋ ಮರದ ತುಂಡೋ ಇಟ್ಟು ಮೆಲ್ಲಗೆ ಒತ್ತಿ, ಬಿಡಿ, ಒತ್ತಿ, ಬಿಡಿ. ಅಲ್ಲಾಡದಿದ್ದರೆ ವಾಲ್ವಿನ ಪಕ್ಕಕ್ಕೆ ಮರದ ಹಿಡಿಯಿಂದ ಮೆತ್ತಗೆ ತಟ್ಟಿ. ಪಿನ್ನಿನ ಬುಡಕ್ಕೆ ಒಂದೇ ಒಂದು ಹನಿ ತೆಳು ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಮತ್ತೆ ಒತ್ತಿ. ತಾಳ್ಮೆ ಇರಲಿ.

ಪಿನ್ ಎದ್ದು ಬಂದ ಕೂಡಲೇ ನೀರು ಸುರ್ ಅಂತ ಹರಿಯುವುದು ಕೇಳುತ್ತದೆ.

ರಾತ್ರಿಪಾಳಿ:

ಮೇಲಿನವರು ಹೇಳಿದ್ದಕ್ಕೆ ಒಂದೇ ಮಾತು ಸೇರಿಸುತ್ತೇನೆ. ಇಕ್ಕಳ ಹಾಕಿ ಪಿನ್ ಎಳೆಯಬೇಡಿ. ಎಳೆಯಬೇಡಿ ಅಂದರೆ ಎಳೆಯಬೇಡಿ!

ನಾನು ಎಳೆದವನು. ಒತ್ತಿ ಒತ್ತಿ ಬೇಜಾರಾಗಿ ಕಟಿಂಗ್ ಪ್ಲೇಯರಿನಲ್ಲಿ ಹಿಡಿದು ಒಂದು ಸಲ ಜಗ್ಗಿದೆ. ಪಿನ್ ಬಂತು, ಪೂರ್ತಿಯಾಗೇ ಬಂತು, ಅದರ ಹಿಂದೆಯೇ ಪೆನ್ಸಿಲ್ ದಪ್ಪದ ನೀರು ಗೋಡೆಗೆ ಹಾರಿತು. ಒಂದು ಕೈಯ ಹೆಬ್ಬೆರಳು ಆ ತೂತಿನ ಮೇಲೆ, ಇನ್ನೊಂದು ಕೈಯಲ್ಲಿ ಹೆಂಡತಿಗೆ ಫೋನ್. ಅವಳು ಪಕ್ಕದ ಕೋಣೆಯಲ್ಲೇ ಇದ್ದಳು, ಕೂಗಿದ್ದರೆ ಸಾಕಿತ್ತು, ಆ ಗಾಬರಿಯಲ್ಲಿ ಅದೂ ಹೊಳೆಯಲಿಲ್ಲ. ಕಾರ್ಪೆಟ್ ಮೇಲೆ ಬಿದ್ದ ಕಪ್ಪು ಕಲೆ ಇವತ್ತಿಗೂ ಹಾಗೇ ಇದೆ, ಮೇಲೆ ಒಂದು ಕುರ್ಚಿ ಇಟ್ಟಿದ್ದೇವೆ.

ಕೆಲಸ ಶುರು ಮಾಡುವ ಮೊದಲು ಹೀಟಿಂಗ್ ಆಫ್ ಮಾಡಿ ತಣ್ಣಗಾಗಲು ಬಿಡಿ, ಕೆಳಗೆ ಹಳೇ ಟವೆಲ್ ಹಾಸಿ, ಬಕೆಟ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ನನ್ನದು ತಣ್ಣೀರಾಗಿತ್ತು, ಪುಣ್ಯ.

ತಣ್ಣನೆ ಕೋಣೆ:

ಅಯ್ಯೋ! ಸರಿ, ಇಕ್ಕಳ ಮುಟ್ಟುವುದಿಲ್ಲ. ನಾಳೆ ಬೆಳಿಗ್ಗೆ ಮಾಡಿ ಹೇಳುತ್ತೇನೆ. ಒಂದು ವೇಳೆ ಪಿನ್ ಸರಿಯಾಗೇ ಇದ್ದರೆ?

ಹಳೇ ಸ್ಪ್ಯಾನರ್:

ಆಗ ಬೇರೆ ಏಳೂ ರೇಡಿಯೇಟರ್ ಸ್ವಲ್ಪ ಹೊತ್ತು ಮುಚ್ಚಿ, ಪಂಪಿನ ಪೂರ್ತಿ ಒತ್ತಡ ಈ ಒಂದಕ್ಕೇ ಸಿಗುವ ಹಾಗೆ ಮಾಡಿ ನೋಡುವುದು. ಪೈಪಿನಲ್ಲಿ ಗಾಳಿ ಗುಳ್ಳೆ ಅಡ್ಡ ನಿಂತಿದ್ದರೆ ಹೆಚ್ಚಿನ ಸಲ ಇದರಲ್ಲೇ ತಳ್ಳಿಕೊಂಡು ಹೋಗುತ್ತದೆ. ಆದರೆ ನಿಮಗೆ ಅಷ್ಟು ದೂರ ಹೋಗುವ ಅಗತ್ಯ ಬರಲ್ಲ ಅಂತ ನನ್ನ ಅಂದಾಜು.

ತಣ್ಣನೆ ಕೋಣೆ:

ಬಂತು! ಪಿನ್ ನೀವು ಹೇಳಿದ ಹಾಗೆ ಮಟ್ಟಸವಾಗಿ ಕೂತಿತ್ತು, ತುದಿ ಮಾತ್ರ ಕಾಣುತ್ತಿತ್ತು. ಒತ್ತಿದರೆ ಕಬ್ಬಿಣದ ಮೊಳೆ ಒತ್ತಿದ ಹಾಗೆ. ಎಣ್ಣೆ ಒಂದು ಹನಿ, ಇಪ್ಪತ್ತು ನಿಮಿಷ ಕಾದೆ, ಚಾಕುವಿನ ಮರದ ಹಿಡಿಯಿಂದ ಪಕ್ಕಕ್ಕೆ ತಟ್ಟಿದೆ, ಐದಾರು ಸಲ ಆದ ಮೇಲೆ ಟಕ್ ಅಂತ ಮೇಲೆ ಬಂತು. ಮೂರು ಮಿಲಿಮೀಟರ್ ಇರಬಹುದು. ಆಮೇಲೆ ಹತ್ತು ಹದಿನೈದು ಸಲ ಒತ್ತಿ ಬಿಟ್ಟೆ, ಈಗ ಸಲೀಸಾಗಿ ಆಡುತ್ತದೆ. ಹೀಟಿಂಗ್ ಹಾಕಿ ಹತ್ತು ನಿಮಿಷಕ್ಕೆ ರೇಡಿಯೇಟರ್ ಮೇಲಿಂದ ಕೆಳಗಿನವರೆಗೂ ಬಿಸಿ. ಕೆಳಗೆ ತಣ್ಣಗಿನ ಜಾಗ ಇಲ್ಲ. ಫ್ಲಶ್ ಈಗ ಬೇಡ ಅಂತ ಆ ಮೆಕ್ಯಾನಿಕ್‌ಗೆ ಹೇಳಿಬಿಟ್ಟೆ.

ಆದರೆ ಈಗ ಹೊಸ ತಲೆನೋವು. ಪಕ್ಕದ ಮಲಗುವ ಕೋಣೆಯದು ಮೊದಲು ಚೆನ್ನಾಗಿ ಬಿಸಿಯಾಗುತ್ತಿತ್ತು, ಈಗ ಉಗುರು ಬೆಚ್ಚಗೆ. ಅದರ ಪಿನ್ನನ್ನೂ ನೋಡಿದೆ, ಸರಿ ಇದೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ಯಾಕೆ ಹಾಳಾಗಬೇಕು?

ಅರ್ಧ ಸುತ್ತು:

ಅದು ಹಾಳಾಗಿಲ್ಲ, ಅದರ ಪಾಲಿನ ನೀರನ್ನು ನಿಮ್ಮ ಚಿಕ್ಕ ಕೋಣೆ ಕದಿಯುತ್ತಿದೆ. ಟೋಪಿ ಹಾಕಿದ ವಾಲ್ವನ್ನು ಪೂರ್ತಿ ತೆರೆದೆ ಅಂದಿರಲ್ಲ, ಅದರ ಫಲ ಇದು.

ಆ ವಾಲ್ವಿಗೆ ಲಾಕ್‌ಶೀಲ್ಡ್ ಅನ್ನುತ್ತಾರೆ. ಯಾರೂ ಸುಮ್ನೆ ತಿರುಗಿಸಬಾರದು ಅಂತಲೇ ಅದಕ್ಕೆ ಟೋಪಿ. ನೀರು ಸೋಮಾರಿ, ಯಾವ ದಾರಿ ಸುಲಭವೋ ಆ ಕಡೆ ಓಡುತ್ತದೆ. ಬಾಯ್ಲರಿಗೆ ಹತ್ತಿರದ ರೇಡಿಯೇಟರಿಗೆ ದಾರಿ ಚಿಕ್ಕದು, ದೂರದ್ದಕ್ಕೆ ಉದ್ದ. ಎಲ್ಲವನ್ನೂ ಪೂರ್ತಿ ತೆರೆದಿಟ್ಟರೆ ಹತ್ತಿರದ್ದು ಕುದಿಯುತ್ತದೆ, ದೂರದ್ದು ಉಪವಾಸ. ಹಾಗಾಗಿ ಹತ್ತಿರದವುಗಳ ಲಾಕ್‌ಶೀಲ್ಡನ್ನು ಬಿಗಿಮಾಡಿ, ದೂರದವುಗಳದ್ದನ್ನು ಜಾಸ್ತಿ ತೆರೆದು ನೀರು ಹಂಚುತ್ತಾರೆ. ಚಿಕ್ಕ ರೇಡಿಯೇಟರಿಗೆ ಕಡಿಮೆ ನೀರು ಸಾಕು, ಅದಕ್ಕೆ ಸಾಮಾನ್ಯವಾಗಿ ಇನ್ನೂ ಬಿಗಿ.

ನಿಮಗೆ ಇಡೀ ಮನೆ ಮತ್ತೆ ಮಾಡುವ ಕಷ್ಟ ಬೇಡ. ಚಿಕ್ಕ ಕೋಣೆಯ ಲಾಕ್‌ಶೀಲ್ಡನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಜೋರು ಹಾಕಬೇಡಿ. ಮುಚ್ಚುವಾಗ ಎಷ್ಟು ಸುತ್ತು ಬಂತು ಅಂತ ಈ ಸಲವಾದರೂ ಬರೆದುಕೊಳ್ಳಿ. ಅಲ್ಲಿಂದ ಕಾಲು ಸುತ್ತು ತೆರೆದು ಇಪ್ಪತ್ತು ನಿಮಿಷ ಬಿಡಿ. ಸಾಲದಿದ್ದರೆ ಇನ್ನೊಂದು ಕಾಲು ಸುತ್ತು. ಅವಸರ ಮಾಡಿದರೆ ಗೊಂದಲ, ಪ್ರತಿ ಸಲ ನೀರು ನೆಲೆಗೊಳ್ಳಲು ಹೊತ್ತು ಬೇಕು. ಪೈಪಿಗೆ ಕಟ್ಟುವ ಥರ್ಮಾಮೀಟರ್ ಎರಡು ಇದ್ದರೆ ಒಳಗೆ ಬರುವ ಪೈಪಿಗೂ ಹೊರಗೆ ಹೋಗುವ ಪೈಪಿಗೂ ಎಷ್ಟು ವ್ಯತ್ಯಾಸ ಅಂತ ನೋಡಿ. ಹಳೇ ಬಾಯ್ಲರುಗಳಿಗೆ ಸುಮಾರು 11, 12 ಡಿಗ್ರಿ ಇಟ್ಟುಕೊಳ್ಳುತ್ತಾರೆ, ಹೊಗೆಯ ಶಾಖವನ್ನೂ ಬಳಸಿಕೊಳ್ಳುವ ಹೊಸ ಬಗೆಯ ಕಂಡೆನ್ಸಿಂಗ್ ಬಾಯ್ಲರ್ ಆದರೆ 20ರವರೆಗೂ ಬಿಡುತ್ತಾರೆ. ಇಲ್ಲದಿದ್ದರೆ ಕೈ ಸಾಕು. ಒಳಬರುವ ಪೈಪ್ ಮುಟ್ಟಲಾಗದಷ್ಟು ಬಿಸಿ, ಹೊರಹೋಗುವುದು ಸ್ವಲ್ಪ ಹೊತ್ತು ಹಿಡಿಯುವ ಹಾಗಿದ್ದರೆ ಸುಮಾರಾಗಿ ಸರಿ. ಎರಡೂ ಒಂದೇ ಬಿಸಿ ಇದ್ದರೆ ನೀರು ಶಾಖ ಬಿಡದೆ ಓಡಿಹೋಗುತ್ತಿದೆ ಅಂತ.

ನೋಡುವಾಗ ಎಲ್ಲ ಕೋಣೆಯ ನಾಬೂ 5ರಲ್ಲಿರಲಿ. ಇಲ್ಲದಿದ್ದರೆ ಒಂದು ನಾಬ್ ನಡುವೆ ತಾನೇ ಮುಚ್ಚಿಕೊಂಡು ಲೆಕ್ಕವೆಲ್ಲ ತಪ್ಪುತ್ತದೆ.

ಕಪ್ಪು ನೀರು:

ಸರಿ, ನನ್ನ ಫ್ಲಶ್ ಸಲಹೆ ವಾಪಸ್ ತೆಗೆದುಕೊಂಡೆ. ಆದರೂ ನೀರು ಬೂದು ಬಣ್ಣ ಅಂದರೆ ಇನ್‌ಹಿಬಿಟರ್ ಕಡಿಮೆಯಾಗಿರಬಹುದು, ಅದನ್ನು ನೋಡಿ. ತುಕ್ಕು ತಡೆಯುವ ದ್ರವ ಅದು. ಪ್ರತಿ ಸಲ ಹೊಸ ನೀರು ತುಂಬಿಸಿದಾಗ ಅದರ ಜೊತೆ ಆಮ್ಲಜನಕ ಒಳಗೆ ಹೋಗುತ್ತದೆ, ತುಕ್ಕಿಗೆ ಅದೇ ಊಟ. ಒಂದು ಸಲ ಒಂದು ಮಗ್‌ಗೆ ಏನೂ ಆಗಲ್ಲ. ವಾರವಾರ ತುಂಬಿಸುವವರ ರೇಡಿಯೇಟರೇ ನಮ್ಮದರ ಹಾಗೆ ಆಗುವುದು. ನಮ್ಮ ಮನೆಯಲ್ಲಿ ಒಂದು ಜಾಯಿಂಟ್ ಸೋರುತ್ತಿತ್ತು, ಅದನ್ನು ಹುಡುಕುವ ಬದಲು ನಾನು ಎರಡು ವರ್ಷ ನೀರು ತುಂಬಿಸುತ್ತಾ ಕೂತೆ.

ಇನ್ನೊಂದು. ಗಾಳಿ ಬಿಟ್ಟ ರೇಡಿಯೇಟರಿನಲ್ಲೇ ಮತ್ತೆ ಮತ್ತೆ ಗಾಳಿ ತುಂಬುತ್ತಿದ್ದರೆ ಅದು ಗಾಳಿಯೇ ಆಗಿರಬೇಕು ಅಂತಿಲ್ಲ. ಒಳಗೆ ತುಕ್ಕು ಹಿಡಿಯುವಾಗ ಹೈಡ್ರೋಜನ್ ಹುಟ್ಟುತ್ತದೆ, ಅದು ಉರಿಯುವ ಅನಿಲ. ಬ್ಲೀಡ್ ಮಾಡುವಾಗ ಸಿಗರೇಟು, ಮೇಣದಬತ್ತಿ ಹತ್ತಿರ ಬೇಡ.

ರಾತ್ರಿಪಾಳಿ:

ನಡುವೆ ಒಂದು ಪ್ರಶ್ನೆ. ನಮ್ಮ ಬಾಯ್ಲರಿನಲ್ಲಿ ಮುಳ್ಳೇ ಇಲ್ಲ, ಅಟ್ಟದ ಮೇಲೆ ಒಂದು ಚಿಕ್ಕ ಟ್ಯಾಂಕ್ ಇದೆ. ಮೇಲಿನ ಮಹಡಿಯದೆಲ್ಲ ಅರ್ಧ ತಣ್ಣಗೆ.

ಹಳೇ ಸ್ಪ್ಯಾನರ್:

ನಿಮ್ಮದು ತೆರೆದ ವ್ಯವಸ್ಥೆ, ಅಟ್ಟದ ಟ್ಯಾಂಕಿನಿಂದಲೇ ನೀರು ತುಂಬಿಕೊಳ್ಳುತ್ತದೆ. ಹತ್ತಿ ಹೋಗಿ ಆ ಟ್ಯಾಂಕಿನಲ್ಲಿ ನೀರಿದೆಯಾ ನೋಡಿ. ಅದರ ಬಾಲ್ ವಾಲ್ವ್ (ನೀರು ತುಂಬಿದಾಗ ಚೆಂಡು ತೇಲಿ ಮುಚ್ಚುವಂಥದ್ದು) ಮೇಲೆ ಕಚ್ಚಿಕೊಂಡು ಟ್ಯಾಂಕ್ ಒಣಗಿದರೆ ಮೊದಲು ಗಾಳಿ ಸೇರುವುದು ಮೇಲಿನ ರೇಡಿಯೇಟರುಗಳಿಗೇ. ನೀರಿಲ್ಲದೆ ಬ್ಲೀಡ್ ಮಾಡಿದರೆ ಗಾಳಿ ಹೊರಗೆ ಹೋಗುವ ಬದಲು ಒಳಗೆ ಎಳೆಯುತ್ತದೆ. ಮೊದಲು ಟ್ಯಾಂಕ್, ಆಮೇಲೆ ಕೀಲಿ. ಇಕ್ಕಳ ಮಾತ್ರ ಅಟ್ಟಕ್ಕೆ ಒಯ್ಯಬೇಡಿ.

ತಣ್ಣನೆ ಕೋಣೆ:

ಒಂದು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ. ಲಾಕ್‌ಶೀಲ್ಡ್ ಮುಚ್ಚುವಾಗ ಎಣಿಸಿದೆ, ನಾಲ್ಕೂವರೆ ಸುತ್ತು ತೆರೆದಿದ್ದೆ! ಈಗ ಮುಕ್ಕಾಲು ಸುತ್ತಿನಲ್ಲಿದೆ, ಎರಡೂ ಕೋಣೆ ಬೆಚ್ಚಗಿವೆ. ಅರ್ಧ ಸುತ್ತಿಗೆ ಚಿಕ್ಕ ಕೋಣೆಗೆ ಸಾಲಲಿಲ್ಲ, ಒಂದು ಸುತ್ತಿಗೆ ಪಕ್ಕದ ಕೋಣೆ ಮುನಿಸಿಕೊಂಡಿತು. ಟೋಪಿಯ ಒಳಗೆ ಮಾರ್ಕರಿನಲ್ಲಿ "ಮುಕ್ಕಾಲು" ಅಂತ ಬರೆದು ಮುಚ್ಚಿದ್ದೇನೆ. ಪ್ರೆಶರ್ ತಣ್ಣಗಿದ್ದಾಗ ಈಗಲೂ 1.3 ಇದೆ, ಅಂದರೆ ಸೋರಿಕೆ ಇಲ್ಲ ಅಲ್ವಾ?

ಇನ್ನೂ ಒಂದೇ ಅನುಮಾನ. ನಾಬ್ 3ಕ್ಕೆ ಇಟ್ಟರೆ ಕೋಣೆ ಪೂರ್ತಿ ಬೆಚ್ಚಗಾಗುವ ಮೊದಲೇ ರೇಡಿಯೇಟರ್ ತಣ್ಣಗಾಗುತ್ತದೆ. ಪಿನ್ ಮತ್ತೆ ಕಚ್ಚಿಕೊಳ್ಳುತ್ತಿದೆಯಾ?

ಅರ್ಧ ಸುತ್ತು:

ಸೋರಿಕೆ ಇಲ್ಲ. ನಾಬಿನ ಮೇಲೆ ಪರದೆ ಬೀಳುತ್ತಾ ನೋಡಿ.

ತಣ್ಣನೆ ಕೋಣೆ:

ಬೀಳುತ್ತದೆ! ನಾಬ್ ಪೂರ್ತಿ ಪರದೆಯ ಹಿಂದೆ ಇದೆ.

ಅರ್ಧ ಸುತ್ತು:

ಹಾಗಾದರೆ ಪಿನ್ ಸರಿಯಾಗೇ ಇದೆ. ಪರದೆಯ ಹಿಂದೆ ಬಿಸಿ ಗಾಳಿ ಗೂಡು ಕಟ್ಟುತ್ತದೆ, ನಾಬ್ ಅದನ್ನೇ ಕೋಣೆಯ ಬಿಸಿ ಅಂದುಕೊಂಡು ಮುಚ್ಚುತ್ತದೆ. ಪರದೆಯನ್ನು ಕಿಟಕಿಯ ಕಟ್ಟೆಯವರೆಗೆ ಎತ್ತಿ ಕಟ್ಟಿ. 3 ಅಂದರೆ ಸುಮಾರು 20 ಡಿಗ್ರಿಗೆ ನಿಲ್ಲಬೇಕು. 5ಕ್ಕೆ ಇಟ್ಟರೆ ಬೇಗ ಬಿಸಿಯಾಗುತ್ತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ, ಹಾಗೇನಿಲ್ಲ, ಎಲ್ಲಿ ನಿಲ್ಲಬೇಕು ಅನ್ನುವುದು ಮಾತ್ರ ಬದಲಾಗುತ್ತದೆ.

ಹಳೇ ಸ್ಪ್ಯಾನರ್:

ಬೇಸಿಗೆಗೆ ಹೀಟಿಂಗ್ ನಿಲ್ಲಿಸುವ ದಿನ ಎಲ್ಲ ನಾಬನ್ನೂ 5ಕ್ಕೆ ತಿರುಗಿಸಿ ಬಿಡಿ, ಸೊನ್ನೆಗಲ್ಲ. ಪಂಪ್ ಓಡದಿದ್ದರೆ ತೆರೆದಿದ್ದರೂ ಬಿಸಿನೀರು ಬರುವುದಿಲ್ಲ, ಪಿನ್ ಮಾತ್ರ ಎದ್ದು ನಿಂತಿರುತ್ತದೆ. ತಿಂಗಳಿಗೊಮ್ಮೆ ಆ ಕಡೆ ಹೋದಾಗ ಒಂದು ಸಲ ಆ ತುದಿಯಿಂದ ಈ ತುದಿಗೆ ತಿರುಗಿಸಿ ಬನ್ನಿ.

ತಣ್ಣನೆ ಕೋಣೆ:

ಪರದೆ ಎತ್ತಿ ಕಟ್ಟಿದೆ. 3ರಲ್ಲೇ ಕೋಣೆ ಬೆಚ್ಚಗಾಯಿತು. ಬ್ಲೀಡ್ ಕೀಲಿ ಡ್ರಾಯರಿನಲ್ಲೇ ಇದೆ, ತೆಗೆದಿಲ್ಲ.